ಸಾಸಿವೆ ಕಾಳಿನಷ್ಟು ಕಪ್ಪು

ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಅವರ ಕಣ್ಣಿನ ಪಾಪೆ ನೋಡುವುದು ನನಗೆ ಅಂಟಿಕೊಂಡಿರುವ ಚಾಳಿ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರದು, ತರಕಾರಿ ತೂಗುವವಳದು, ತರಗತಿಯಲ್ಲಿ ಮುಂದಿನ ಬೆಂಚಿನ ಹುಡುಗಿಯರದು, ಯಾರದಾದರೂ ಸರಿ. ಬಿಸಿಲಿನಲ್ಲಿ ನಿಂತವರ ಪಾಪೆ ಚಿಕ್ಕದಾಗಿದ್ದರೆ ನನಗೆ ಸಮಾಧಾನ. ನೆರಳಿನಲ್ಲಿ ನಿಂತವರದು ಚಿಕ್ಕದಾಗಿ ಕಂಡರೆ ಮತ್ತೆ ಮತ್ತೆ ಬಗ್ಗಿ ನೋಡುತ್ತೇನೆ.

ಹೋದ ತಿಂಗಳು ಅವ್ವ ಮಧ್ಯಾಹ್ನದ ಹೊತ್ತು ಜಗುಲಿಯ ಗೋಡೆಗೆ ಒರಗಿ ಅಡಿಕೆ ಅಗಿಯುತ್ತಿದ್ದಳು. ಅವಳ ಪಾಪೆ ನೋಡಿ ಬೆಚ್ಚಿ, ಗಲ್ಲ ಹಿಡಿದು ಮುಖ ಎತ್ತಿ, ಮೊಬೈಲಿನ ಬೆಳಕು ಬಿಟ್ಟೇಬಿಟ್ಟೆ.

“ಏನ್ಲೇ ಇದು? ಕಣ್ಣಾಗೆ ಏನ್ ಬಚ್ಚಿಟ್ಟಿವ್ನಿ ಅಂತ ಉಡುಕ್ತಿದ್ದೀಯ?”

ವಯಸ್ಸಾದಂತೆ ಪಾಪೆ ಕುಗ್ಗುತ್ತದೆ. ಅದರ ಮೇಲೆ ಅವ್ವ ಕಣ್ಣಿನ ಒತ್ತಡಕ್ಕೆಂದು ಹಾಕಿಕೊಳ್ಳುವ ಹನಿಯೂ ಪಾಪೆಯನ್ನು ಕುಗ್ಗಿಸುವಂಥದ್ದೇ. ಎರಡೂ ನನಗೆ ಗೊತ್ತು. ನಾನು ಸೇಲಂನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವಳು. ಗೊತ್ತಿದ್ದೂ ಬೆಳಕು ಬಿಟ್ಟೆ. ಈ ಹೆದರಿಕೆ ಎಲ್ಲಿಂದ ಬಂತು ಎಂದು ಬರೆದಿಟ್ಟರೆ ಸ್ವಲ್ಪ ಇಳಿಯಬಹುದು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ. ಆದರೆ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಇದೆಲ್ಲ ಶುರುವಾದ ದಿನದ ನನ್ನ ಡೈರಿಯಲ್ಲಿ ಇರುವುದು ಒಂದೇ ಸಾಲು: “ಅತ್ತಿಗೆಗೆ ಹುಷಾರಿಲ್ಲ. ಪಾಪೆ ಸಾಸಿವೆಯಷ್ಟು.” ಉಳಿದದ್ದೆಲ್ಲ ಆಮೇಲೆ ಮನಸ್ಸು ಕಟ್ಟಿಕೊಂಡದ್ದು. ಅದರಲ್ಲಿ ಎಷ್ಟು ನಿಜ, ಎಷ್ಟು ನಾನು ಸೇರಿಸಿದ್ದು ಎಂದು ಬೇರ್ಪಡಿಸುವುದು ಕಷ್ಟ.

ಪಾಲಕೋಡಿನಿಂದ ಒಳಗೆ ಹೋದರೆ ಸಿಗುವ ಹಳ್ಳಿಯಲ್ಲಿ ನಮ್ಮ ಹೊಲ. ಅಣ್ಣ, ಅತ್ತಿಗೆ, ಅವ್ವ ಮೂವರೂ ಅಲ್ಲಿಯೇ ಇರುತ್ತಾರೆ. ಮನೆಯೊಳಗೆ ಕನ್ನಡ, ಹೊರಗೆ ತಮಿಳು. ಆಗ ಮೇಲಿನ ಹೊಲದಲ್ಲಿ ಟೊಮೇಟೊ, ನಮ್ಮವರ ಬಾಯಲ್ಲಿ ಅದು ತಕ್ಕಾಳಿ, ಕೆಳಗಿನದರಲ್ಲಿ ಅದೇ ತಿಂಗಳು ನೆಟ್ಟ ಬದನೆ. ಟೊಮೇಟೊ ಬಿಡಿಸುವ ದಿನ ಬೆಳಕು ಹರಿಯುವುದರೊಳಗೆ ಎಲ್ಲರೂ ಹೊಲದಲ್ಲಿರಬೇಕು. ಹಣ್ಣು ತುಂಬಿದ ಕ್ರೇಟುಗಳನ್ನು ತಲೆಯ ಮೇಲೆ ಹೊತ್ತು ಬದುವಿನ ಮೇಲೆ ನಡೆದು ರಸ್ತೆಯಲ್ಲಿ ನಿಂತ ಟೆಂಪೋಗೆ ಹಾಕುವುದು ಹೆಂಗಸರ ಕೆಲಸ. ಕ್ರೇಟಿನ ಅಂಚು ತಲೆಗೆ ಒತ್ತಬಾರದೆಂದು ಯಾವುದಾದರೂ ಬಟ್ಟೆಯನ್ನು ಹಗ್ಗದಂತೆ ತಿರುಚಿ ಸುತ್ತಿ ಸಿಂಬೆ ಮಾಡಿ ತಲೆಗಿಟ್ಟುಕೊಳ್ಳುತ್ತಾರೆ. ಅದಕ್ಕೆಂದೇ ಬೇರೆ ಬಟ್ಟೆ ಎತ್ತಿಡುವ ರೂಢಿ ನಮ್ಮಲ್ಲಿಲ್ಲ. ಕೈಗೆ ಸಿಕ್ಕಿದ್ದು ಸಿಂಬೆ.

ಅತ್ತಿಗೆ ಹುಷಾರು ತಪ್ಪಿದ್ದು ಅಂಥ ಒಂದು ದಿನ. ಅದರ ಹಿಂದಿನ ದಿನ ಮನೆಯಲ್ಲಿ ಜಗಳವಾಗಿತ್ತು. ಹಣ್ಣು ಬಿಡಿಸುವ ದಿನವೇ ಓಮಲೂರಿನಲ್ಲಿ ಅತ್ತಿಗೆಯ ತಂಗಿಗೆ ಬಳೆ ತೊಡಿಸುವ ಶಾಸ್ತ್ರ. ಏಳು ತಿಂಗಳ ಬಸುರಿ ತಂಗಿ, ಒಬ್ಬಳೇ ಅಕ್ಕ. ಹೋಗಲೇಬೇಕೆಂದು ಅತ್ತಿಗೆ ಹಟ ಹಿಡಿದಿದ್ದಳು. ಹಣ್ಣು ಗಿಡದಲ್ಲಿ ಕಾಯುವುದಿಲ್ಲ, ಬಿಡಿಸಿದ ಮೇಲೆ ಹೋಗು ಎಂದು ಅಣ್ಣ. ಆಗ ಅತ್ತಿಗೆ ಅಂದದ್ದನ್ನು ಅವ್ವ ನನಗೆ ಎಷ್ಟೋ ಸಲ ಹೇಳಿದ್ದಾಳೆ: “ನಾ ಸತ್ರೂವೆ ನೀವು ತಕ್ಕಾಳಿ ಬಿಡ್ಸಿ ಆದ್ಮ್ಯಾಲೇ ನನ್ನ ಮಣ್ಣು ಮಾಡದು.”

ಅಂದವಳು ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಹೊಲಕ್ಕೆ ಹೋದಳು. ಕ್ರೇಟಿನ ಮೇಲೆ ಕ್ರೇಟು ಹೊತ್ತಳು. ಬಿಸಿಲು ಏರಿದ ಮೇಲೆ ಬದುವಿನ ಮೇಲೆ ನಿಂತು ಆಕಾಶ ನೋಡಿ ಕೇಳಿದಳಂತೆ:

“ಮೋಡ ಕವ್ಕತಾ? ಕತ್ಲು ಕತ್ಲು ಅಂತೈತೆ.”

ಮೋಡದ ಸುಳಿವಿರಲಿಲ್ಲ. ಅಣ್ಣ ಟೆಂಪೋದ ಮೇಲಿನಿಂದಲೇ ಅಂದ: “ಮೋಡ ನಿನ್ ಮೂತಿ ಮ್ಯಾಲೆ ಐತೆ. ನಿನ್ನೆಯಿಂದ ಕವ್ಕಂಡೈತೆ.”

ಟೆಂಪೋ ಡ್ರೈವರೂ ನಕ್ಕ. ಅತ್ತಿಗೆಯೂ ನಕ್ಕಳೋ ಇಲ್ಲವೋ, ಅಣ್ಣನಿಗೆ ನೆನಪಿಲ್ಲ. ಆಮೇಲೆ ಇನ್ನೆರಡು ಸಲ ಕ್ರೇಟು ಹೊತ್ತಿದ್ದಾಳೆ. ಬಾಯಲ್ಲಿ ನೀರು ಕಿತ್ತುಕೊಂಡು ಬರುತ್ತಿದೆ ಎಂದು ಉಗಿದಳು. ಸೀರೆಯೆಲ್ಲ ಬೆವರಿಗೆ ಒದ್ದೆ. ಬದುವಿನ ಮೇಲೆ ಕೂತು ವಾಂತಿ ಮಾಡಿಕೊಂಡಳು. ಬಿಸಿಲು ಹೊಡೆದಿದೆ ಎಂದು ಅವ್ವ ಮಜ್ಜಿಗೆ ತಂದಳು. ಮಜ್ಜಿಗೆ ಬಾಯಿಗಿಡುವಷ್ಟರಲ್ಲಿ ಅತ್ತಿಗೆಯ ಕತ್ತು ಪಕ್ಕಕ್ಕೆ ವಾಲಿತು.

ನನಗೆ ಫೋನು ಬಂದಾಗ ನಾನು ಪರೀಕ್ಷೆ ಕೊಠಡಿಯಿಂದ ಹೊರಬರುತ್ತಿದ್ದೆ. ಅಣ್ಣ “ಬಾ” ಅಂದ, ಅಷ್ಟೇ. ಯಾಕೆ ಎಂದು ಕೇಳುವಷ್ಟರಲ್ಲಿ ಇಟ್ಟ. ಬಸ್ಸಿನ ಪ್ರಯಾಣ ನೆನಪಿದೆ ಎಂದುಕೊಂಡಿದ್ದೇನೆ. ಓಮಲೂರು ನಿಲ್ದಾಣದಲ್ಲಿ ಮೊಳಕೈವರೆಗೂ ಗಾಜಿನ ಬಳೆ ತೊಟ್ಟ ಬಸುರಿಯೊಬ್ಬಳು ಹತ್ತಿದಳು, ನನ್ನ ಮುಂದಿನ ಸೀಟಿನಲ್ಲಿ ಕೂತಳು, ದಾರಿಯುದ್ದಕ್ಕೂ ಬಳೆ ಸದ್ದು ಮಾಡುತ್ತಿತ್ತು. ಇದು ನಿಜವಾಗಿ ನಡೆದದ್ದಾಗಿರಲಾರದು. ಬಳೆ ಶಾಸ್ತ್ರದ ಜಗಳ ಆಗ ನನಗೆ ಗೊತ್ತೇ ಇರಲಿಲ್ಲ. ಗೊತ್ತಾದ ಮೇಲೆ ಮನಸ್ಸು ಆ ಬಸುರಿಯನ್ನು ಹಿಂದಕ್ಕೆ ಹೋಗಿ ಬಸ್ಸು ಹತ್ತಿಸಿರಬೇಕು. ಆದರೂ ಆ ಸದ್ದು ಈಗಲೂ ಕಿವಿಯಲ್ಲಿದೆ.

ಆಸ್ಪತ್ರೆಯ ಅಂಗಳದಲ್ಲಿ ಟೊಮೇಟೊ ತುಂಬಿದ ಟೆಂಪೋ ನಿಂತಿತ್ತು. ಇದು ನಿಜ, ಎಲ್ಲರೂ ಹೇಳುತ್ತಾರೆ. ಹೊಲದಿಂದ ಹಣ್ಣಿನ ಜೊತೆಗೇ ಅವಳನ್ನೂ ತಂದಿದ್ದರು. ಕ್ರೇಟುಗಳ ಮುಂದೆ ಸಿಕ್ಕಿದ ಚೂರು ಜಾಗದಲ್ಲಿ ಅಣ್ಣ ಕೂತು, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು.

ವಾರ್ಡಿನಲ್ಲಿ ಅತ್ತಿಗೆ ಮಂಚದ ಮೇಲಿದ್ದಳು. ಮೈಮೇಲೆ ಆಸ್ಪತ್ರೆಯ ಹಸಿರು ಅಂಗಿ. ಮೂಗಿಗೆ ನಳಿಕೆ, ಕೈಗೆ ನಳಿಕೆ. ಉಸಿರಾಟದಲ್ಲಿ ಗೊರಗೊರ ಸದ್ದು, ನೀರಿನಲ್ಲಿ ಗುಳ್ಳೆ ಏಳುವಂತೆ. ಡ್ಯೂಟಿ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಅತ್ತಿಗೆಯ ರೆಪ್ಪೆ ಎತ್ತಿ ಟಾರ್ಚು ಬಿಟ್ಟರು. ನಾನೂ ಬಗ್ಗಿ ನೋಡಿದೆ.

ಅಷ್ಟು ಚಿಕ್ಕ ಪಾಪೆಯನ್ನು ನಾನು ಪುಸ್ತಕದಲ್ಲಿ ಮಾತ್ರ ನೋಡಿದ್ದೆ. ಕಂದು ಬಣ್ಣದ ನಡುವೆ ಪೆನ್ಸಿಲಿನ ಮೊನೆ ತಾಗಿಸಿದಂತೆ ಒಂದು ಕಪ್ಪು ಚುಕ್ಕೆ. ಎರಡು ಕಣ್ಣಲ್ಲೂ ಹಾಗೆಯೇ. ಟಾರ್ಚು ಬಂದಾಗಲೂ ಹೋದಾಗಲೂ ಅದು ಅಲುಗಲಿಲ್ಲ.

ಡಾಕ್ಟರು ಅಣ್ಣನ ಕಡೆ ತಿರುಗಿದರು. “ಮರುಂದು ಏದಾವದು ಕುಡಿಚ್ಚಾಂಗಳಾ? ಉಣ್ಮೈಯ ಸೊಲ್ಲುಂಗ.”

ಹೊಲದ ಔಷಧಿ ಏನಾದರೂ ಕುಡಿದಿದ್ದಾರಾ, ನಿಜ ಹೇಳಿ. ನಾನು ಬರುವ ಮೊದಲೇ ಒಂದು ಸಲ ಕೇಳಿದ್ದರಂತೆ. ಅಣ್ಣ ಮೊದಲು “ಇಲ್ಲೆ” ಅಂದ. ಸ್ವಲ್ಪ ತಡೆದು “ತೆರಿಯಲೆ” ಅಂದ. ಇಲ್ಲ ಎನ್ನುವುದಕ್ಕೂ ಗೊತ್ತಿಲ್ಲ ಎನ್ನುವುದಕ್ಕೂ ನಡುವೆ ಅವನ ಮುಖ ಬಣ್ಣಗೆಟ್ಟದ್ದನ್ನು ನಾನು ನೋಡಿದೆ. ಜಗಳದ ವಿಷಯ ಅವನು ಹೇಳಿದ್ದು ಆಮೇಲೆ.

ಪಾಪೆ ಯಾಕೆ ಕುಗ್ಗುತ್ತದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುತ್ತೇನೆ. ಪಾಪೆ ಅನ್ನುವುದು ಒಂದು ವಸ್ತುವಲ್ಲ, ತೂತು. ಅದರ ಸುತ್ತ ಬಣ್ಣದ ಪರದೆ. ಪರದೆಯಲ್ಲಿ ಎರಡು ಸ್ನಾಯುಗಳು. ಒಂದು ತೂತಿನ ಅಂಚಿನಲ್ಲಿ ಬಳೆಯ ಹಾಗೆ ಸುತ್ತಿಕೊಂಡದ್ದು, ಇನ್ನೊಂದು ಗಾಡಿ ಚಕ್ರದ ಕಡ್ಡಿಗಳ ಹಾಗೆ ಅಂಚಿನಿಂದ ಹೊರಕ್ಕೆ ಹರಡಿದ್ದು. ಅವ್ವನ ಎಲೆ ಅಡಿಕೆ ಚೀಲದ ಬಾಯಿಗೆ ದಾರ ಇರುತ್ತದಲ್ಲ, ಎಳೆದರೆ ಬಾಯಿ ಮುಚ್ಚುತ್ತದೆ, ಸುತ್ತಿಕೊಂಡ ಸ್ನಾಯು ಮಾಡುವುದು ಅದನ್ನೇ. ಬೆಳಕು ಹೆಚ್ಚಾದರೆ ಕಣ್ಣಿನಿಂದ ಮೆದುಳಿಗೆ ಸುದ್ದಿ ಹೋಗುತ್ತದೆ, ಮೆದುಳಿನಿಂದ ಒಂದು ನರ ಹಿಂದಿರುಗಿ ಬಂದು ಆ ಸ್ನಾಯುವಿನ ಮೇಲೆ ಒಂದು ರಸ ಚೆಲ್ಲುತ್ತದೆ. ದಾರ ಬಿಗಿಯುತ್ತದೆ. ಮರುಗಳಿಗೆಯಲ್ಲೇ ಒಂದು ಕಿಣ್ವ ಬಂದು ಆ ರಸವನ್ನು ಒರೆಸಿ ಹಾಕುತ್ತದೆ. ದಾರ ಸಡಿಲ. ದಿನವೆಲ್ಲ ಹೀಗೆ ಚೆಲ್ಲುವುದು, ಒರೆಸುವುದು.

ಹೊಲಕ್ಕೆ ಹೊಡೆಯುವ ಕೆಲವು ಔಷಧಿಗಳು ಈ ಒರೆಸುವ ಕೈಯನ್ನೇ ಕಟ್ಟಿಹಾಕುತ್ತವೆ. ಚೆಲ್ಲಿದ ರಸ ಚೆಲ್ಲಿದಂತೆಯೇ ನಿಲ್ಲುತ್ತದೆ. ಕಣ್ಣಿನ ದಾರ ಬಿಗಿದದ್ದು ಬಿಚ್ಚುವುದಿಲ್ಲ, ನಡುಹಗಲಲ್ಲಿ ಲೋಕ ಕತ್ತಲಾಗುತ್ತದೆ. ಬೆವರು ನಿಲ್ಲುವುದಿಲ್ಲ. ಜೊಲ್ಲು ನಿಲ್ಲುವುದಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಪಾಪೆ ಕುಗ್ಗಲು ಬೇರೆ ಕಾರಣಗಳೂ ಉಂಟು. ನಿದ್ದೆ, ಹತ್ತಿರದ್ದನ್ನು ದಿಟ್ಟಿಸುವುದು, ಮುಪ್ಪು, ಅಫೀಮಿನ ಜಾತಿಯ ನೋವಿನ ಮದ್ದು, ಮೆದುಳಿನ ಬುಡದಲ್ಲಿ ರಕ್ತ ಸೋರುವುದು. ಪರೀಕ್ಷೆಯಲ್ಲಿ ಇವನ್ನೆಲ್ಲ ಬರೆದು ಅಂಕ ತೆಗೆದವಳು ನಾನು. ಅತ್ತಿಗೆಯ ಮಂಚದ ಪಕ್ಕದಲ್ಲಿ ನಿಂತಾಗ ಪಟ್ಟಿಯಲ್ಲಿ ಎಷ್ಟೇ ಕಾರಣಗಳಿದ್ದರೂ ತಲೆಯಲ್ಲಿ ಇದ್ದದ್ದು ಒಂದೇ: ಅವಳು ಕುಡಿದಳೇ?

ಯಾವ ಔಷಧಿ ಎಂದು ತಿಳಿಯಲು ಬಾಟಲಿ ತನ್ನಿ ಎಂದಿದ್ದರು ಡಾಕ್ಟರು. ಅಣ್ಣ ಯಾರದೋ ಬೈಕಿನಲ್ಲಿ ಹೋಗಿ ತಂದ. ಅವರಿಗೆ ತೋರಿಸಿದ ಮೇಲೆ ಕಾರಿಡಾರಿನ ಕಿಟಕಿಯ ಹತ್ತಿರ ನನ್ನನ್ನು ಕರೆದು ಬೆಳಕಿಗೆ ಹಿಡಿದ.

“ಅಮ್ಮಿ,” ಎಂದ, ಅವನು ನನ್ನನ್ನು ಕರೆಯುವುದು ಹಾಗೆ. “ಕಮ್ಮಿ ಐತೆ.”

“ಏನು?”

“ಬದ್ನೆಗೆ ಅಂತ ಬೆಳಿಗ್ಗೆ ನಾನೇ ಅಳ್ದು ಆಕಿವ್ನಿ. ಎರಡು ಮುಚ್ಚಳ. ಇಲ್ಲಿಗಂಟ ಇರ್ಬೇಕಿತ್ತು.” ಉಗುರಿನಿಂದ ಬಾಟಲಿಯ ಮೇಲೆ ಗೆರೆ ಎಳೆದ. ಔಷಧಿ ಇದ್ದದ್ದು ಆ ಗೆರೆಗಿಂತ ಎಷ್ಟೋ ಕೆಳಗೆ. “ಬದಾಗೆ ಇಟ್ಟು ಔಷಿ ಒಡಿಯಕ್ಕೆ ಓದೆ. ಅವ್ಳು ಅದೇ ದಾರೀಲಿ ಓಡಾಡ್ತಿದ್ಲು.”

ಆಮೇಲೆ ಜಗಳದ ಕತೆಯನ್ನು ನೆಲ ನೋಡಿಕೊಂಡು ಹೇಳಿದ. “ಡಾಕ್ಟ್ರಿಗೆ ಏಳ್ಬೇಕಾ?”

“ಹೇಳಲೇಬೇಕು,” ಎಂದೆ. ಹೇಳಿದ. ಡಾಕ್ಟರು ತಲೆಯಾಡಿಸಿದರು. ಕೇಸಿನ ಕಾಗದದಲ್ಲಿ ಏನೋ ಬರೆದರು. ಪೊಲೀಸರು ಬಂದು ಕೇಳುತ್ತಾರೆ, ಇದ್ದದ್ದು ಇದ್ದಹಾಗೆ ಹೇಳಿ ಎಂದರು. ಅಣ್ಣ ಅಲ್ಲಿಯೇ ಗೋಡೆಗೆ ಒರಗಿ ಕುಕ್ಕರಿಸಿ ಕೂತ.

ನನಗೆ ಆಗ ಎರಡು ಭಯ. ಅತ್ತಿಗೆ ಸಾಯುತ್ತಾಳೆ ಎಂಬುದು ಮೊದಲನೆಯದು. ಬದುಕಿ ಎದ್ದು, ಹೌದು ನಾನೇ ಕುಡಿದೆ ಎಂದು ಅಣ್ಣನ ಮುಖ ನೋಡಿ ಹೇಳುತ್ತಾಳೆ ಎಂಬುದು ಎರಡನೆಯದು. ಯಾವುದು ದೊಡ್ಡದಾಗಿತ್ತು ಎಂದು ನನ್ನನ್ನು ನಾನೇ ಕೇಳಿಕೊಂಡರೆ ಈಗಲೂ ಉತ್ತರ ತಡವರಿಸುತ್ತದೆ.

ಚುಚ್ಚುಮದ್ದು ಮೇಲಿಂದ ಮೇಲೆ ಕೊಟ್ಟರು. ಅದರ ಕೆಲಸ ವಿಷಕ್ಕೆ ತದ್ವಿರುದ್ಧ. ಬಿಗಿದದ್ದನ್ನು ಸಡಿಲಿಸುತ್ತದೆ, ಸೋರುವುದನ್ನು ಒಣಗಿಸುತ್ತದೆ. ಎದೆಯ ಗೊರಗೊರ ನಿಲ್ಲಬೇಕು, ಮುಖ್ಯವಾಗಿ ಅದನ್ನೇ ನೋಡುತ್ತೇವೆ, ಪಾಪೆ ಆಮೇಲೆ ಎಂದು ಡಾಕ್ಟರು ಹೇಳಿದ್ದರು. ನಮಗೆ ಎದೆಯ ಸದ್ದಿನ ಹೆಚ್ಚುಕಡಿಮೆ ತಿಳಿಯುತ್ತಿರಲಿಲ್ಲ. ಕಣ್ಣು ತಿಳಿಯುತ್ತಿತ್ತು. ನರ್ಸು ರೆಪ್ಪೆ ಎತ್ತಿದಾಗಲೆಲ್ಲ ಅವ್ವ ಬಗ್ಗಿ ನೋಡಿ ವರದಿ ಕೊಡುತ್ತಿದ್ದಳು. “ಸಾಸ್ವೆ.” ಇನ್ನೊಂದು ಸಲ, “ಸಾಸ್ವೇನೇ.”

ಮಾರನೆಯ ಬೆಳಿಗ್ಗೆ ಅವ್ವ ನನ್ನ ತೋಳು ಹಿಡಿದು ಎಳೆದಳು. “ಬಾ ಇಲ್ಲಿ, ನೋಡು. ಎಸ್ರುಕಾಳು!”

ಹೌದು, ಹೆಸರುಕಾಳಿನಷ್ಟು. ಎದೆಯ ಸದ್ದೂ ಇಳಿದಿತ್ತು. ಅಣ್ಣ ಎದ್ದು ಹೋಗಿ ಮೂವರಿಗೂ ಟೀ ತಂದ. ಅತ್ತಿಗೆ ಕಣ್ಣು ಬಿಟ್ಟಳು. ಆದರೆ ನಮ್ಮನ್ನು ಗುರುತು ಹಿಡಿಯಲಿಲ್ಲ. ಎರಡೂ ಕೈ ಎತ್ತಿ ಗಾಳಿಯಲ್ಲಿ ಏನನ್ನೋ ಹಿಡಿದು ತಿರುಚಿ ಕೀಳತೊಡಗಿದಳು. ಕಿತ್ತದ್ದನ್ನು ಮಂಚದ ಪಕ್ಕಕ್ಕೆ ಹಾಕುವಳು, ಮತ್ತೆ ಕೈ ಎತ್ತುವಳು.

“ಎಳೇದು ಕೀಳ್ಬ್ಯಾಡ,” ಎಂದು ಯಾರನ್ನೋ ಗದರಿದಳು. “ತೊಟ್ಟು ಬುಡ್ಸು. ತೊಟ್ಟಿದ್ರೆ ಪಕ್ಕದ ತಕ್ಕಾಳಿಗೆ ಚುಚ್ತದೆ.”

ಚುಚ್ಚುಮದ್ದಿನ ಪರಿಣಾಮ, ಹೆದರಬೇಡಿ, ಹೀಗೆ ಬಡಬಡಿಸುತ್ತಾರೆ ಎಂದರು ನರ್ಸು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಜಗಳದ ದಿನದ ಮಾತು ಅವಳ ತಲೆಯಲ್ಲೂ ಇತ್ತು, ನನ್ನ ತಲೆಯಲ್ಲೂ ಇತ್ತು. ಸತ್ತರೂ ಹಣ್ಣು ಬಿಡಿಸಿ ಆದ ಮೇಲೇ ಮಣ್ಣು. ಅವಳು ಬಿಡಿಸಿ ಮುಗಿಸಿದರೆ ಏನಾಗುತ್ತದೆ ಎಂದು ನಾನು ಆ ಕೈಗಳನ್ನೇ ನೋಡುತ್ತ ನಿಂತಿದ್ದೆ. ಓದಿದವಳು ಯೋಚಿಸುವ ಮಾತಲ್ಲ. ಆದರೆ ಯೋಚಿಸಿದ್ದು ನಿಜ. ಗಾಳಿಯಲ್ಲಿನ ಆ ಗಿಡದಲ್ಲಿ ಹಣ್ಣು ಮುಗಿಯದೆ ಇರಲಿ ಎಂದು ಬೇಡಿಕೊಂಡೆ.

ಬಿಸಿಲು ಏರುವ ಹೊತ್ತಿಗೆ ಕೈಗಳು ಕೆಳಗೆ ಬಿದ್ದವು. ಹಣೆಯ ಮೇಲೆ ಬೆವರು ಮೂಡಿತು. ಬಾಯ ತುದಿಯಲ್ಲಿ ಜೊಲ್ಲು. ನರ್ಸು ರೆಪ್ಪೆ ಎತ್ತಿದಾಗ ಅವ್ವ ಬಗ್ಗಿ ನೋಡಿದಳು. ಪಕ್ಕಕ್ಕೆ ಸರಿದಳು. ನಾನು ನೋಡಿದೆ. ಮತ್ತೆ ಸಾಸಿವೆ.

ಡಾಕ್ಟರು ಓಡಿಬಂದರು. ಮದ್ದು ಹೆಚ್ಚಿಸಿದರು. ಆಮೇಲೆ ನಮ್ಮ ಮೂವರನ್ನೂ ನೋಡಿದರು. ಆ ನೋಟ ಅವ್ವನ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಂತಿತು ಎಂದು ನನಗೆ ಅನಿಸಿತು. ಅವರು ತಮಿಳಿನಲ್ಲಿ ಮೆಲ್ಲಗೆ ಕೇಳಿದರು: ಯಾರಾದರೂ ಏನಾದರೂ ಕುಡಿಸಿದಿರಾ? ಅವರ ಹತ್ತಿರ ಏನಾದರೂ ಇದೆಯಾ? ಬಟ್ಟೆಯೆಲ್ಲ ತೆಗೆದು ತಲೆಯಿಂದ ಕಾಲಿನವರೆಗೆ ಸೋಪು ಹಾಕಿ ತೊಳೆಯಿರಿ ಎಂದಿದ್ದೆವಲ್ಲ, ತೊಳೆದಿದ್ದೀರಿ ತಾನೆ?

“ತೊಳ್ದಿವ್ನಲ್ಲಮ್ಮಾ,” ಎಂದಳು ಅವ್ವ. ತಮಿಳಿನಲ್ಲಿ ಕೇಳಿದ್ದಕ್ಕೆ ಕನ್ನಡದಲ್ಲಿ ಉತ್ತರ ಬಂದರೆ ಅವಳು ಹೆದರಿದ್ದಾಳೆ ಎಂದೇ ಅರ್ಥ. “ಸೀರೆ ರವ್ಕೆ ಎಲ್ಲಾ ಕವರ್‌ನಾಗೆ ಕಟ್ಟಿ ಕೊಟ್ಟೆ. ಮೈಗೆಲ್ಲಾ ಸೋಪಾಕಿ ಒರ್ಸಿವ್ನಿ.”

“ತಲೆ?” ನಾನು ಕೇಳಿದೆ.

ಅವ್ವ ನನ್ನನ್ನು ದುರುಗುಟ್ಟಿ ನೋಡಿದಳು. “ಮಲಗಿರೋರ ತಲೆಗೆ ನೀರು ಉಯ್ಯೋದು ಯಾವಾಗ ಅಂತ ಗೊತ್ತಿಲ್ವಾ ನಿಂಗೆ? ನಿಮ್ಮಪ್ಪಂಗೆ ಉಯ್ದಿದ್ದು ನೆಪ್ಪಿಲ್ವಾ? ಜೀವ ಇರೋ ಮುತ್ತೈದೆಗೆ ಅಂಗೆ ಉಯ್ಯಕ್ಕೆ ನನ್ ಕೈ ಬರ್ನಿಲ್ಲ. ಒದ್ದೆ ಬಟ್ಟೇಲಿ ಒರ್ಸಿದ್ದೆ ಮ್ಯಾಲ್ಮ್ಯಾಲೆ.”

ಮಲಗಿಸಿ ತಲೆಗೆ ನೀರು ಹೊಯ್ಯುವುದು ನಮ್ಮಲ್ಲಿ ಹೆಣಕ್ಕೆ ಮಾತ್ರ. ಆ ಮೊದಲ ಮಧ್ಯಾಹ್ನ ನಾನಿನ್ನೂ ಬಸ್ಸಿನಲ್ಲಿದ್ದೆ. ಅಲ್ಲಿದ್ದಿದ್ದರೆ ಅವ್ವನನ್ನು ತಡೆಯುತ್ತಿದ್ದೆನೇ? ತಡೆಯುತ್ತಿದ್ದೆ ಎಂದು ಹೇಳಿಕೊಳ್ಳಲು ಇಷ್ಟ. ಅಪ್ಪನ ತಲೆಗೆ ನೀರು ಹೊಯ್ದದ್ದನ್ನು ನಾನೂ ನೋಡಿದವಳು. ಹಾಗಾಗಿ ಖಾತ್ರಿಯಿಲ್ಲ.

ಅತ್ತಿಗೆಯ ಕೂದಲು ದಟ್ಟ. ದಿನವೂ ಕೊಬ್ಬರಿ ಎಣ್ಣೆ ಸವರಿ ಬಿಗಿಯಾಗಿ ಗಂಟು ಹಾಕುವವಳು. ಗಂಟು ಹಾಗೆಯೇ ಇತ್ತು. ತಲೆಯನ್ನು ಸ್ವಲ್ಪ ಎತ್ತಿ ಮೂಸಿದೆ. ವಾರ್ಡೆಲ್ಲ ಆ ಔಷಧಿಯದೇ ವಾಸನೆ ಎಂದುಕೊಂಡಿದ್ದೆವು. ಇಲ್ಲಿ ಮೂಗಿಗೆ ಹೊಡೆಯುತ್ತಿತ್ತು. ಅವಳ ತಲೆಯ ಕೆಳಗೆ ದಿಂಬಿನಂತೆ ಒಂದು ಬಟ್ಟೆಯ ಸುರುಳಿ ಇತ್ತು. ಅವ್ವನ ಹಳೆಯ ಸೀರೆಯ ತುಂಡು, ಒಳಗೆ ಏನೋ ಸುತ್ತಿ ದಪ್ಪ ಮಾಡಿದ್ದು. ಅದನ್ನು ಹೊರಗೆಳೆದವಳು ನಾನು. ಅಣ್ಣ ಹೇಳುವಂತೆ ಎಳೆದದ್ದು ಅವ್ವ. ಅವ್ವನನ್ನು ಕೇಳಿದರೆ, “ಯಾರೆಳೆದ್ರೆ ಏನು, ಬಂತಲ್ಲ” ಎನ್ನುತ್ತಾಳೆ. ನನ್ನ ಕೈಗೆ ಅದು ತಣ್ಣಗೆ ಜಿಗುಟಾಗಿ ಹತ್ತಿದ್ದು ನನಗೆ ಚೆನ್ನಾಗಿ ನೆನಪಿದೆ. ಅಷ್ಟನ್ನು ಮಾತ್ರ ಬಿಟ್ಟುಕೊಡಲಾರೆ.

ಒಳಗೆ ಇದ್ದದ್ದು ಅಣ್ಣನ ಹೆಗಲ ಟವೆಲು.

“ಇದ್ಯಾಕೆ ಇಲ್ಲೈತೆ?” ಎಂದ ಅಣ್ಣ.

“ಅವ್ಳ ತಲೆ ಮ್ಯಾಲಿದ್ದ ಸಿಂಬೆ ಅಲ್ವೇನ್ಲಾ? ಟೆಂಪೋದಾಗೆ ನೀನೇ ತಲೆ ಅಡಿಗಾಕಿದ್ದೆ. ಮಂಚಕ್ಕೆ ದಿಂಬಿರ್ನಿಲ್ಲ, ಸೀರೇಲಿ ಸುತ್ತಿ ಮಡಗ್ದೆ,” ಎಂದಳು ಅವ್ವ.

ಅಣ್ಣ ಟವೆಲನ್ನು ನನ್ನ ಕೈಯಿಂದ ತೆಗೆದುಕೊಂಡು ಬಿಡಿಸಿ ಹಿಡಿದ. ನಡುವೆ ದೊಡ್ಡದೊಂದು ಕಂದು ಕಲೆ. 

“ಬಾಟ್ಲು ಸುತ್ತಿದ್ದೆ ಇದ್ರಾಗೆ. ಬೆಳಿಗ್ಗೆ. ಬೈಕಿನ ಬ್ಯಾಗ್‌ನಾಗೆ ಒಡ್ದೋಗ್ಬಾರ್ದು ಅಂತ. ಮುಚ್ಚಳ ಸಡ್ಲ ಆಗಿತ್ತು, ಒಸಿ ಚೆಲ್ಲೈತೆ ಅನ್ಕಂಡು ಬದಿನ ಮ್ಯಾಲೆ ಎಸ್ದು ಓದೆ. ಅದುನ್ನೇ ಸಿಂಬೆ ಸುತ್ಕಂಡವ್ಳೆ.” ಟವೆಲನ್ನು ಮಗುಚಿ ನೋಡಿದ. “ಒಸಿ ಅಲ್ಲ ಅಮ್ಮಿ. ಬಾಟ್ಲಾಗೆ ಕಮ್ಮಿ ಇದ್ದದ್ದೆಲ್ಲಾ ಇದ್ರಾಗೆ ಐತೆ. ಅವ್ಳು ಕುಡೀಲಿಲ್ಲ.” ಮತ್ತೊಮ್ಮೆ, ಅವ್ವನ ಕಡೆ ತಿರುಗಿ, ಜಗಳಕ್ಕೆ ನಿಂತವನ ಹಾಗೆ ಜೋರಾಗಿ: “ಅವ್ಳು ಕುಡೀಲಿಲ್ಲ ಕಣವ್ವಾ!”

ಆ ಗಳಿಗೆಯಲ್ಲಿ ಅವನ ಮುಖ ಅರಳಿದ್ದು ನೋಡಿ ನನಗೆ ಇನ್ನೂ ಹೆಚ್ಚು ಹೆದರಿಕೆಯಾಯಿತು. ಅವನಿಗೆ ಬೇಕಾದ ಉತ್ತರ ಸಿಕ್ಕಿತ್ತು. ಆದರೆ ಆ ಉತ್ತರ ಬೆಳಿಗ್ಗೆಯೆಲ್ಲ ಬೆವರಿನ ಜೊತೆ ಅವಳ ನೆತ್ತಿಗೆ ಇಳಿದಿತ್ತು, ಎಣ್ಣೆ ಹಚ್ಚಿದ ಕೂದಲಲ್ಲಿ ನಿಂತಿತ್ತು, ಆಸ್ಪತ್ರೆಗೆ ಬಂದ ಮೇಲೂ ದಿಂಬಾಗಿ ಇಳಿಯುತ್ತಲೇ ಇತ್ತು. ಅವಳ ಬಟ್ಟೆಯೆಲ್ಲ ಕೊಡಿ ಎಂದು ಕೇಳಿದಾಗ ಅವ್ವ ಒಂದು ಚೂರೂ ಬಿಡದೆ ಕಟ್ಟಿ ಕೊಟ್ಟಿದ್ದಳು. ಟವೆಲು ಗಂಡನದ್ದಾದ್ದರಿಂದ ಅವಳ ಬಟ್ಟೆಯ ಲೆಕ್ಕಕ್ಕೆ ಬಂದೇ ಇರಲಿಲ್ಲ.

ನಾನು ನನ್ನ ಕೈ ತೊಳೆಯಲು ಓಡಿದೆ. ತೊಳೆದೆ, ಮತ್ತೆ ತೊಳೆದೆ. ತಲೆಯೆತ್ತಿ ಕನ್ನಡಿಯಲ್ಲಿ ನನ್ನ ಪಾಪೆ ನೋಡಿಕೊಂಡೆ. ಈ ಚಾಳಿ ಶುರುವಾದದ್ದು ಅಲ್ಲಿಯೇ ಇರಬೇಕು.

ಡಾಕ್ಟರು ಟವೆಲನ್ನು ಚೀಲಕ್ಕೆ ಹಾಕಿಸಿ, ಈಗಲೇ ಕೂದಲು ತೊಳೆಯಬೇಕು, ಇಲ್ಲವೆಂದರೆ ಬೋಳಿಸಬೇಕು ಎಂದರು. ಬೋಳಿಸುವ ಮಾತು ಕೇಳಿ ಅವ್ವ ಎದೆಗೆ ಕೈಯಿಟ್ಟುಕೊಂಡಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಯಾರ ಮುಖವನ್ನೂ ನೋಡಲಿಲ್ಲ.

“ಕೂರ್ಸಿ,” ಎಂದಳು.

“ಏನವ್ವಾ?”

“ಎತ್ತಿ ಕೂರ್ಸಿ ಅವ್ಳನ್ನ. ಕೂತೋರ ತಲೆಗೆ ಉಯ್ದ್ರೆ ಅದು ಸ್ನಾನ. ನಾನೇ ಉಯ್ತೀನಿ.”

ಮೂಗಿಗೆ ಆಮ್ಲಜನಕದ ನಳಿಕೆ ಇರುವವಳನ್ನು ಕೂರಿಸುವುದಕ್ಕೆ ನರ್ಸು ಮೊದಲು ಒಪ್ಪಲಿಲ್ಲ. ಡಾಕ್ಟರು ಒಮ್ಮೆ ಅವ್ವನ ಮುಖ ನೋಡಿ, ಮಂಚದ ತಲೆಭಾಗ ಎತ್ತರಿಸಿ ಎಂದರು. ಅಣ್ಣ ರಬ್ಬರ್ ಕೈಗವಸು ಹಾಕಿಕೊಂಡು ಹಿಂದಿನಿಂದ ಅವಳನ್ನು ಆತು ಹಿಡಿದ. ಅವಳ ಕತ್ತು ಅವನ ಭುಜದ ಮೇಲೆ. ನರ್ಸು ಕೂದಲ ಗಂಟು ಬಿಚ್ಚಿ ಸೋಪು ಹಾಕಿದರು. ಅವ್ವ ಕೈಗವಸಿನ ಕೈಯಿಂದಲೇ ಉಗುರುಬೆಚ್ಚಗಿನ ನೀರು ಹೊಯ್ದಳು. ನಾನು ಕೆಳಗೆ ಬಕೆಟ್ಟು ಹಿಡಿದೆ. ಹೊಯ್ಯುವಾಗ ಅವ್ವನ ತುಟಿ ಅಲುಗುತ್ತಿತ್ತು. ದೇವರನ್ನು ಕರೆಯುತ್ತಿದ್ದಾಳೆ ಎಂದುಕೊಂಡೆ. ಹತ್ತಿರ ಬಗ್ಗಿದಾಗ ಕೇಳಿಸಿತು: “ಕೂತವ್ಳೆ. ಕೂತವ್ಳೆ ನೋಡು. ನನ್ ಸೊಸೆ ಕೂತವ್ಳೆ.” ಯಾರಿಗೆ ಹೇಳುತ್ತಿದ್ದಳೋ.

ಮತ್ತೆ ಮತ್ತೆ ಸೋಪು, ಮತ್ತೆ ಮತ್ತೆ ನೀರು. ಒಂದು ಸಲ ಅತ್ತಿಗೆಯ ಹುಬ್ಬು ಗಂಟಿಕ್ಕಿತು. ನಾಲಿಗೆ ತಡವರಿಸುತ್ತ, ಕಣ್ಣು ಬಿಡದೆಯೇ ಅಂದಳು: “ಥೂ, ಕಣ್ಗೆ ಸೋಪು ಓಯ್ತು.”

ಅಣ್ಣ ಅವಳ ಒದ್ದೆ ನೆತ್ತಿಗೆ ಗಲ್ಲ ಒತ್ತಲು ಹೋದ. “ಮುಟ್ಬ್ಯಾಡ್ಲಾ!” ಎಂದು ಅವ್ವ, ನರ್ಸು, ನಾನು ಮೂವರೂ ಒಟ್ಟಿಗೆ ಕೂಗಿದೆವು.

ಪಾಪೆ ಆ ದಿನವೇ ಹಿಗ್ಗಲಿಲ್ಲ. ಮಾರನೆಯ ದಿನ ಅವ್ವನ ಲೆಕ್ಕದಲ್ಲಿ ಹೆಸರುಕಾಳು ಬಂತು, ನಿಂತಿತು. ಆಮೇಲೂ ಎಷ್ಟೋ ದಿನ ಕುತ್ತಿಗೆ ಎತ್ತಲಾಗದೆ, ಒಂದು ಸಲ ಉಸಿರು ಕುಸಿದು, ನಮ್ಮ ಜೀವ ಹಿಂಡಿ ಕೊನೆಗೆ ಮನೆಗೆ ಬಂದಳು. ತಂಗಿಗೆ ಅಷ್ಟರಲ್ಲಿ ಹೆಣ್ಣು ಮಗು ಹುಟ್ಟಿತ್ತು. ಮನೆಗೆ ಬಂದ ದಿನವೇ ಅತ್ತಿಗೆ ಅಣ್ಣನಿಗೆ ಹೇಳಿದ್ದು ಅದನ್ನೇ: “ಬಳೆಗಂತೂ ಬುಡ್ನಿಲ್ಲ. ತೊಟ್ಲಿಗಾರಾ ಕಳಿಸ್ತೀಯೋ, ಇಲ್ಲ ಇನ್ನೊಂದ್ ಟವಲ್ ಮಡಗಿದ್ದೀಯೋ?”

ಅಣ್ಣ ನಗಲಿಲ್ಲ. ತೊಟ್ಟಿಲ ಶಾಸ್ತ್ರಕ್ಕೆ ತಾನೇ ಬೈಕಿನಲ್ಲಿ ಕರೆದುಕೊಂಡು ಹೋದ.

ಹೋದ ವಾರ ಊರಿಗೆ ಹೋಗಿದ್ದೆ. ಮತ್ತೆ ಟೊಮೇಟೊ ಬಿಡಿಸುವ ದಿನ. ಅತ್ತಿಗೆ ಕ್ರೇಟು ಹೊತ್ತು ಬದುವಿನ ಮೇಲೆ ಬರುತ್ತಿದ್ದಳು. ತಲೆಯ ಮೇಲೆ ಕೆಂಪು ಬಟ್ಟೆಯ ಸಿಂಬೆ. ತನ್ನದೇ ಹಳೆ ಲಂಗ ಹರಿದು ಮಾಡಿಕೊಂಡದ್ದು, ಕೆಲಸ ಮುಗಿದರೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ, ಯಾರಿಗೂ ಕೊಡುವುದಿಲ್ಲ. ಹತ್ತಿರ ಬಂದಾಗ ಅವಳ ಕಣ್ಣು ನೋಡಿದೆ. ಪಾಪೆ ಸಾಸಿವೆಯಷ್ಟು. ಸುಡುಬಿಸಿಲು, ಎಲ್ಲರದೂ ಹಾಗೆಯೇ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುವ ಮೊದಲೇ ಕೈ ಮುಂದೆ ಹೋಗಿ ಅವಳ ತೋಳು ಹಿಡಿದಿತ್ತು.

“ಏನು ಟೀಚರಮ್ಮ?”

“ಇಳಿಸಿ ಬಾ. ಒಂದು ಗಳಿಗೆ ನೆರಳಿಗೆ ಬಾ ಅತ್ತಿಗೆ.”

ಕ್ರೇಟನ್ನು ಟೆಂಪೋಗೆ ಕೊಟ್ಟು, ಹುಣಸೆ ಮರದ ಕೆಳಗೆ ಬಂದು ನಿಂತಳು. ಸೊಂಟಕ್ಕೆ ಕೈಯಿಟ್ಟು ನನ್ನನ್ನೇ ನೋಡಿದಳು. ನಾನು ಅವಳ ಕಣ್ಣು ನೋಡುತ್ತ ಕಾದೆ. ಮೊದಲು ಏನೂ ಆಗಲಿಲ್ಲ, ಅಥವಾ ನನಗೆ ಹಾಗೆ ಅನಿಸಿತು.

“ನೀವೆಲ್ಲಾ ಬಾಟ್ಲು ಇಡ್ಕಂಡು ನಿಂತಿದ್ರಂತೆ, ನಾ ಕುಡ್ದಿವ್ನಾ ಅಂತ,” ಎಂದಳು. ಈ ಮಾತನ್ನು ಅವಳು ನನ್ನೊಡನೆ ಆಡಿದ್ದು ಅದೇ ಮೊದಲು. “ಅತ್ತೇನೂ ಅಂಗೇ ಅನ್ಕಂಡ್ರಾ?”

“ಎಲ್ಲರೂ ಹೆದರಿದ್ದೆವು.”

“ನೀನು?”

“ನಾನೂ.”

ಅವಳು ಸಿಂಬೆಯನ್ನು ತಲೆಯಿಂದ ತೆಗೆದು ಕೊಡವಿದಳು. “ಕೋಪ ಇತ್ತು. ಸುಳ್ಳು ಯಾಕೇಳ್ಲಿ. ಆ ಬಾಟ್ಲು ಬದಾಗಿದ್ದುದ್ನ ನೋಡ್ದೆ ಕೂಡ. ದಾಟ್ಕಂಡು ಓದೆ. ಸಾಯೋಳಾಗಿದ್ರೆ ಓಮಲೂರಿಗೆ ಓಗಿ, ಪಾಯಸ ಉಂಡ್ಕಂಡು, ತಂಗಿ ಕೈಗೆ ಬಳೆ ತೊಡ್ಸಿ ಸಾಯ್ತಿದ್ದೆ. ತಕ್ಕಾಳಿ ಒತ್ಕಂಡು ಯಾವಳು ಸಾಯ್ತಾಳೆ?”

ಬಾಟಲಿ ನೋಡಿದೆ, ದಾಟಿಕೊಂಡು ಹೋದೆ. ಇದನ್ನು ಅಣ್ಣನಿಗೆ ಹೇಳಿದ್ದಾಳೋ ಇಲ್ಲವೋ ನಾನು ಕೇಳಲಿಲ್ಲ.  ಅವಳ ಕಣ್ಣಿನಿಂದ ನನ್ನ ಕಣ್ಣು ಮಾತ್ರ ತೆಗೆಯಲಿಲ್ಲ. ಹುಣಸೆಯ ನೆರಳಲ್ಲಿ ಅವಳ ಪಾಪೆ ನಿಧಾನವಾಗಿ ಹಿಗ್ಗುತ್ತಿತ್ತು. ಹೆಸರುಕಾಳು, ಅದನ್ನೂ ಮೀರಿ.

“ಆಯ್ತಾ ನೋಡಿದ್ದು?” ಎಂದಳು. ಸಿಂಬೆ ಸುತ್ತಿ ತಲೆಗಿಟ್ಟುಕೊಂಡು ಬಿಸಿಲಿಗೆ ನಡೆದಳು.